ಚಿಪ್ಪು ಮುಟ್ಟದ ಕೋಳಿಗಳು

ಬೋರೇಗೌಡರ ಬಾಮೈದ ಐದು ಬಿಳಿ ಕೋಳಿ ತಂದು, ದಿನಾ ಮೊಟ್ಟೆ ಇಡುವ ಪೇಟೆ ತಳಿ ಎಂದು ಮಾರಿ ಹೋದ. ವಾರ ಕಳೆದರೂ ಅವುಗಳ ಒಂದು ಮೊಟ್ಟೆಯೂ ಕಾಣಲಿಲ್ಲ. ಬಾಮೈದ ಸುಳ್ಳು ಹೇಳುವವನಲ್ಲ, ಆದ್ದರಿಂದ ಕದ್ದವಳು ಕೆಲಸದ ಚಿಕ್ಕತಾಯಮ್ಮ. ಇದು ಗೌಡರ ತರ್ಕ.

"ನಾಳೆಯಿಂದ ಕೆಲಸಕ್ಕೆ ಬರಬೇಡ."

"ಆಗ್ಲಿ ಬುದ್ದಿ. ಹೋಗೋಕೆ ಮುಂಚೆ ಕೋಳಿಗಳನ್ನೂ ಒಂದು ಮಾತು ಕೇಳಾಣ."

ಅವಳು ಅಂಗಳದಲ್ಲಿ ಎರಡು ತಟ್ಟೆ ಇಟ್ಟಳು. ಒಂದರಲ್ಲಿ ಜೋಳದ ನುಚ್ಚು, ಇನ್ನೊಂದರಲ್ಲಿ ಕಪ್ಪೆಚಿಪ್ಪಿನ ಚೂರು. ಮನೆಯಲ್ಲಿ ಮೊಟ್ಟೆ ಇಡುತ್ತಿದ್ದ ನಾಟಿ ಕೋಳಿ ನೇರವಾಗಿ ಚಿಪ್ಪಿಗೆ ಬಾಯಿ ಹಾಕಿತು. ಬಿಳಿಯವು ಐದೂ ಜೋಳಕ್ಕೆ ಮುಗಿಬಿದ್ದವು.

"ಮೊಟ್ಟೆಗೆ ಸಿಪ್ಪೆ ಬೇಕಲ್ಲ ಬುದ್ದಿ? ಇಡೋ ಕೋಳಿ ಚಿಪ್ಪನ್ನ ಹುಡುಕ್ಕೊಂಡು ತಿಂತದೆ."

ಗೌಡರು ಕುಕ್ಕರಗಾಲಲ್ಲಿ ಕೂತು ನೋಡಿದರು. "ಪೇಟೆ ತಳಿಗೆ ಚಿಪ್ಪು ಸೇರಲ್ವೇನೋ."

"ಪೇಟೆ ಮೊಟ್ಟೆಗೂ ಸಿಪ್ಪೆ ಇರ್ತದೆ ಬುದ್ದಿ."

"ಇನ್ನೂ ಎಳೇವಿರಬೇಕು."

ಅವಳು ಒಂದನ್ನು ಎತ್ತಿ ಕಾಲು ತೋರಿಸಿದಳು. ಒರಟು ಹುರುಪೆ ಕಟ್ಟಿದ ಮುದಿ ಕಾಲು.

ಗೌಡರು ಎದ್ದು ಪಂಚೆ ಕೊಡವಿಕೊಂಡರು.

"ನಾಳೆ ಬಾ. ಐದನ್ನೂ ಸಾರು ಮಾಡು. ಬಾಮೈದನ್ನ ಊಟಕ್ಕೆ ಕರೀತೀನಿ."

"ಮುದಿ ಕೋಳಿ, ಬೇಯೋಕೆ ಬಾಳ ಹೊತ್ತು ಹಿಡೀತದೆ ಬುದ್ದಿ."

"ಜಾಸ್ತಿ ಬೇಯಿಸಬೇಡ. ಅಗೀಲಿ."