ತಾಯಿಯವರು ಕೋಪಿಸಿಕೊಂಡ ದಿನ

ಭೀಮಾ ತೀರದ ಕಲ್ಲುಗಣಿಯ ಮಗ್ಗುಲಲ್ಲಿ ತಗಡು ಹೊದಿಸಿದ ಗುಡಿಸಲೇ ಮಾತೋಶ್ರೀ ಗುರುಲಿಂಗಮ್ಮ ತಾಯಿಯವರ ಆಶ್ರಮವಾಗಿತ್ತು. ಮಧ್ಯಾಹ್ನದ ಪ್ರಸಾದಕ್ಕೆ ಅವರೇ ರೊಟ್ಟಿ ಬಡಿದು, ಅವರೇ ನೀಡುತ್ತಿದ್ದರು. ಅವರು ಗದರಿದ್ದನ್ನು ಕಂಡವರಿರಲಿಲ್ಲ.

ಒಂದು ಸೋಮವಾರ ಬಡಿಗ ಕಾಳಪ್ಪ ಮತ್ತು ಅವನ ಹೆಂಡತಿ ಈರಮ್ಮ ಬಿಸಿಲಲ್ಲಿ ನಡೆದು ಬಂದರು. ಕಾಳಪ್ಪನದು ನರದ ಕಾಯಿಲೆ. ಕತ್ತು ತಾನಾಗಿ ಜಗ್ಗುತ್ತಿತ್ತು; ತಡೆಯುವಷ್ಟರಲ್ಲಿ ಬಾಯಿಂದ ಹೊಲಸು ಬೈಗುಳ ಹಾರಿಬಿಡುತ್ತಿತ್ತು. ಅದಕ್ಕಾಗಿಯೇ ಇಬ್ಬರನ್ನೂ ಬಸ್ಸಿನಿಂದ ನಡುದಾರಿಯಲ್ಲಿ ದಬ್ಬಿ ಇಳಿಸಿದ್ದರು. ದಬ್ಬಿದವರೂ ಬೈದಿದ್ದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಪ್ರಸಾದಕ್ಕೆ ಮುಂಚೆ ಎಲ್ಲರೂ ಕಣ್ಣುಮುಚ್ಚಿ ಪ್ರಾರ್ಥನೆಗೆ ಕುಳಿತಾಗ ಕಾಳಪ್ಪ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡ. ಆದರೂ ಆ ನಿಶ್ಶಬ್ದದಲ್ಲಿ, ತಾಯಿಯವರತ್ತಲೇ, ಹೆಣ್ಣಿಗೆ ಆಡಬಾರದ ಮಾತೊಂದು ಸಿಡಿಯಿತು. ಆಶ್ರಮಕ್ಕೆ ಜೋಳ ಕಳಿಸುತ್ತಿದ್ದ ಸಿದ್ರಾಮಗೌಡರು ಎದ್ದುಬಂದು ಅವನ ಬಾಯಿಗೆ ಹೊಡೆದರು. ತುಟಿ ಒಡೆದು ರಕ್ತ ಬಂತು. ಇದು ಅವನ ಇಚ್ಛೆಯಲ್ಲ ಎಂದು ಡಾಕ್ಟರು ಹೇಳಿದ್ದನ್ನು ಈರಮ್ಮ ಕೈಮುಗಿದು ಹೇಳುತ್ತಲೇ ಇದ್ದಳು. ಯಾರೂ ಕೇಳಲಿಲ್ಲ. ಒಬ್ಬರು ನಾಲಿಗೆಗೆ ಬರೆ ಹಾಕಿ ಎಂದರು, ಇನ್ನೊಬ್ಬರು ನಾಟಕ ಎಂದರು. ಆಗಷ್ಟೇ ಶಿವನಾಮ ನುಡಿದ ಬಾಯಿಗಳು ಅವು.

ತಾಯಿಯವರು ರೊಟ್ಟಿಯ ಬುಟ್ಟಿ ಕೆಳಗಿಟ್ಟರು. ಅವರ ಮುಖ ಕೆಂಪೇರಿತ್ತು.

“ಅವನ ನಾಲಿಗಿ ಅವನ ಮಾತು ಕೇಳಂಗಿಲ್ಲ. ನಿನ್ನ ಕೈ ನಿನ್ನ ಮಾತು ಕೇಳ್ತದಲ್ಲ, ಗೌಡ? ಮತ್ಯಾಕ ಎತ್ತಿದಿ?”

ಗೌಡರು ತಾಯಿಯವರ ಮರ್ಯಾದೆಗಾಗಿ ಎಂದು ತೊದಲಿದರು.

“ನನ್ನ ಹೆಸರಿಲೆ ಹೊಡಿಬ್ಯಾಡ. ನಿನ್ನ ಜೋಳ ಇವತ್ತೇ ಒಯ್ಯಿ.”

ಹಾಗೆಂದು ತಮ್ಮ ಸೆರಗಿನಿಂದಲೇ ಕಾಳಪ್ಪನ ರಕ್ತ ಒರೆಸಿದರು. ಗೌಡರು ಪಾದಕ್ಕೆ ಬಿದ್ದಾಗ ಕಾಲು ಹಿಂದಕ್ಕೆ ಸರಿಸಿಕೊಂಡು, “ಹೊಡಿಸ್ಕೊಂಡಾಂವ ಅಲ್ಲಿದಾನ,” ಎಂದರು.

ಗೌಡರು ಹೋಗಿ ಕಾಳಪ್ಪನ ಎದುರು ಕುಳಿತರು. ಹೆದರಿಕೆಗೆ ಅವನ ಕತ್ತು ಇನ್ನೂ ಜೋರಾಗಿ ಜಗ್ಗಿ, ಬೈಗುಳ ನೇರ ಗೌಡರ ಮುಖಕ್ಕೇ ಬಂತು. ಕೂಡಲೇ ಈರಮ್ಮ ತನ್ನ ಅಂಗೈಯನ್ನು ಗಂಡನ ಮುಖಕ್ಕೆ ಅಡ್ಡ ಹಿಡಿದಳು. ಪೆಟ್ಟು ತಡೆದು ತಡೆದು ಅವಳಿಗೆ ಅದು ರೂಢಿಯಾಗಿಬಿಟ್ಟಿತ್ತು. ಅದನ್ನು ಕಂಡು ಗೌಡರು ತಲೆ ತಗ್ಗಿಸಿ ಅತ್ತರು.

ಕಾಳಪ್ಪನ ಕಾಯಿಲೆ ವಾಸಿಯಾಗಲಿಲ್ಲ. ಮುಂದಿನ ಸೋಮವಾರಗಳಲ್ಲೂ ಅವನು ಪ್ರಾರ್ಥನೆಯ ನಡುವೆ ಕೂಗುತ್ತಿದ್ದ. ಪಕ್ಕದಲ್ಲೇ ಕೂರುತ್ತಿದ್ದ ಸಿದ್ರಾಮಗೌಡರು ಕಣ್ಣು ತೆರೆಯುತ್ತಿರಲಿಲ್ಲ.