ಓದಬಾರದ ದಿನ ಓದಿದ್ದು

ಪದ್ಮನಾಭ ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಅವನ ಚೀಲದಲ್ಲಿ ಬಟ್ಟೆಗಿಂತ ಓದುವ ಸಾಮಾನೇ ಹೆಚ್ಚಿತ್ತು. ಒಂದು ಫೋನು, ಒಂದು ಇ-ರೀಡರ್, ಹೊರಲಾರದಷ್ಟು ಪುಸ್ತಕ.

ಗುರು ಸುಬ್ಬಾವಧಾನಿಗಳು ಪುಸ್ತಕಗಳನ್ನು ನೋಡಿ ತಲೆದೂಗಿದರು. ಉಳಿದೆರಡನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಈ ಹಲಗೆಗಳು ಯಾತಕ್ಕಪ್ಪ?"

"ಇವೂ ಪುಸ್ತಕಗಳೇ ಗುರುಗಳೇ. ಓದೋದಕ್ಕೇ ಇಟ್ಕೊಂಡಿರೋದು."

"ಹಾಗಾದರೆ ಸರಿ. ಆದರೆ ಇಲ್ಲಿ ಒಬ್ಬೊಬ್ಬರಿಗೂ ಗೋಡೆಯಲ್ಲಿ ಒಂದೇ ಗೂಡು. ದೀಪ ಇಟ್ಟು ಮಿಕ್ಕ ಜಾಗದಲ್ಲಿ ಈ ಮೂರರಲ್ಲಿ ಒಂದನ್ನ ಇಟ್ಟುಕೋ. ಉಳಿದದ್ದನ್ನ ಊರಿನ ಶಾಲೆಗೆ ಕೊಟ್ಟುಬಿಡು. ವಿಜಯದಶಮಿಯವರೆಗೆ ಸಮಯ ಇದೆ, ನಿಧಾನವಾಗಿ ಯೋಚನೆ ಮಾಡು."

ಯೋಚನೆ ಮಾಡು ಎಂದದ್ದೇ ತಪ್ಪಾಯಿತು.

ಪದ್ಮನಾಭ ಅಳೆದೂ ತೂಗಿ ನೋಡತೊಡಗಿದ. ಒಂದೇ ಕಥೆಯನ್ನು ಮೂರರಲ್ಲೂ ಓದಿದ. ಬಿಸಿಲಲ್ಲಿ ಓದಿದ, ಮಬ್ಬಿನಲ್ಲಿ ಓದಿದ, ಮಲಗಿ ಓದಿದ.

ಮಲಗಿ ಓದುವಾಗ ಫೋನು ಮೂಗಿನ ಮೇಲೆ ಬಿತ್ತು. ದಪ್ಪ ಪುಸ್ತಕ ಎದೆಯ ಮೇಲೆ ಕೂತು ಉಸಿರು ಕಟ್ಟಿಸಿತು. ಇ-ರೀಡರ್ ಹಗುರ, ಬಿಸಿಲಿಗೂ ಜಗ್ಗುವುದಿಲ್ಲ. ಆದರೆ ಕಥೆ ಇನ್ನೆಷ್ಟು ಉಳಿದಿದೆ ಎಂಬುದು ಅದರಲ್ಲಿ ಬೆರಳಿಗೆ ಗೊತ್ತಾಗುವುದಿಲ್ಲ. ಫೋನು ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ಆದರೆ ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪನ 'ಶುಭೋದಯ'ವೂ ಅದರಲ್ಲೇ ಬರುತ್ತದೆ.

ಕೊನೆಗೆ ಅವನು ಗುರುಗಳ ಬಳಿಗೇ ಹೋದ.

"ಮೂರರಲ್ಲಿ ಯಾವುದು ಮೇಲು ಗುರುಗಳೇ?"

"ಮೂರರಲ್ಲೂ ಅದೇ ಕಥೆ ಓದಿದೆಯಲ್ಲ. ಕಥೆಯಲ್ಲಿ ಏನಾಯ್ತು?"

ಪದ್ಮನಾಭ ತಲೆ ಕೆರೆದುಕೊಂಡ. "ಅದನ್ನ ಅಷ್ಟಾಗಿ ಗಮನಿಸಲಿಲ್ಲ."

"ಹಸಿದು ಹಲಸು, ಉಂಡು ಮಾವು," ಎಂದು ಹೇಳಿ ಗುರುಗಳು ತುಳಸಿಗೆ ನೀರು ಹಾಕಲು ಹೋದರು.

ಪದ್ಮನಾಭ ಆ ಗಾದೆಯನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ. ಮರುದಿನ ಮುಖವರಳಿಸಿಕೊಂಡು ಬಂದ.

"ಗೊತ್ತಾಯ್ತು ಗುರುಗಳೇ. ಫೋನು ಹಲಸು, ಕೈಗೆ ಅಂಟಿದರೆ ಬಿಡೋದಿಲ್ಲ. ಪುಸ್ತಕ ಮಾವು, ಪರಿಮಳದಲ್ಲೇ ಅರ್ಧ ರುಚಿ. ಇ-ರೀಡರ್ ಯಾವ ಹಣ್ಣು ಅನ್ನೋದೊಂದು ಹೊಳೀತಾ ಇಲ್ಲ."

"ನಾನು ಹೇಳಿದ್ದು ಹಣ್ಣಿನ ಮಾತಲ್ಲಪ್ಪ. ಹಸಿವಿನ ಮಾತು."

ಪದ್ಮನಾಭನ ಮುಖ ಇಳಿದುಹೋಯಿತು. ಅವನು ಅಲ್ಲೇ ನೆಲದ ಮೇಲೆ ಕೂತ.

"ಹಸಿವೇ ಹೋಗಿದೆ ಗುರುಗಳೇ," ಎಂದ. "ಮುಂಚೆ ಅಕ್ಷರ ಕಂಡರೆ ಸಾಕು, ಬಿಡ್ತಿರಲಿಲ್ಲ. ಊಟ ಆರಿಹೋದರೂ ಗೊತ್ತಾಗ್ತಿರಲಿಲ್ಲ. ಈಗ ಒಂದನ್ನ ಕೈಗೆತ್ತಿಕೊಂಡರೆ ಇನ್ನೊಂದರಲ್ಲಿ ಓದಿದ್ದರೆ ಚೆನ್ನಾಗಿತ್ತೇನೋ ಅನ್ಸುತ್ತೆ. ತಪ್ಪಾಗಿ ಆರಿಸಿಬಿಟ್ಟರೆ ಓದೋ ಸುಖ ಮತ್ತೆ ಬರೋದೇ ಇಲ್ಲವೇನೋ ಅಂತ ಭಯ."

ಅವನ ಕಣ್ಣು ತುಂಬಿಬಂದಿತ್ತು. ಗುರುಗಳು ನಗಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟರು.

"ನಾಳೆ ಸರಸ್ವತಿ ಪೂಜೆ. ಆಗ ನೋಡೋಣ."

ಸರಸ್ವತಿ ಪೂಜೆಯ ದಿನ ಆಶ್ರಮದಲ್ಲಿರುವ ಪುಸ್ತಕಗಳನ್ನೆಲ್ಲ ಪೀಠದ ಮೇಲಿಟ್ಟು ಪೂಜಿಸುತ್ತಾರೆ. ಅವುಗಳನ್ನು ಮತ್ತೆ ಇಳಿಸುವುದು ವಿಜಯದಶಮಿಗೇ. ಅಲ್ಲಿಯವರೆಗೆ ಯಾರೂ ಏನನ್ನೂ ಓದುವ ಹಾಗಿಲ್ಲ. ಗುರುವಾದರೂ ಅಷ್ಟೇ, ಶಿಷ್ಯನಾದರೂ ಅಷ್ಟೇ.

ಪದ್ಮನಾಭ ತನ್ನ ಪುಸ್ತಕಗಳನ್ನು ತಂದಿಟ್ಟ. ಇ-ರೀಡರನ್ನೂ ಇಟ್ಟ. ನಮಸ್ಕಾರ ಮಾಡಿ ಹಿಂದೆ ಸರಿದ.

"ಸೊಂಟದಲ್ಲಿ ಏನದು?" ಎಂದರು ಗುರುಗಳು.

"ಫೋನು ಗುರುಗಳೇ. ಇದು ಪುಸ್ತಕ ಅಲ್ಲವಲ್ಲ."

"ಬಂದ ದಿನ ಪುಸ್ತಕವೇ ಅಂದಿದ್ದೆ."

ಫೋನು ಪೀಠ ಏರಿತು. ಗುರುಗಳು ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ದಾಸವಾಳ ಇಟ್ಟರು. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪನ ಸಂದೇಶ ಬಂದಿರಬೇಕು, ಹೂವು ಗುರ್ ಎಂದು ನಡುಗಿತು. ಗುರುಗಳು ಆ ಕಡೆಗೂ ಒಂದು ಸುತ್ತು ಆರತಿ ಎತ್ತಿ ಗಂಭೀರವಾಗಿ ಮುಂದುವರಿದರು.

ಮೊದಲ ದಿನ ಪದ್ಮನಾಭನಿಗೆ ಹಾಯೆನಿಸಿತು. ಆರಿಸುವ ಕಷ್ಟವಿಲ್ಲ, ಅಳೆಯುವ ಕಷ್ಟವಿಲ್ಲ. ಹೊಟ್ಟೆ ತುಂಬ ಉಂಡು ಮಲಗಿದ.

ಮರುದಿನ ಶುರುವಾಯಿತು ನೋಡಿ. ಬೆಂಕಿಪೊಟ್ಟಣದ ಮೇಲಿನ ಅಕ್ಷರಗಳು ಅವನನ್ನು ಕರೆದವು. ಅಕ್ಕಿ ಮೂಟೆಯ ಮೇಲಿನವೂ ಕರೆದವು. ಸ್ನಾನಘಟ್ಟದ ಮೆಟ್ಟಿಲ ಮೇಲೆ ಯಾರೋ ದಾನಿಯ ಹೆಸರು ಕೆತ್ತಿದೆ. ಅವನು ಕಣ್ಣು ಮುಚ್ಚಿಕೊಂಡು ಇಳಿಯಲು ಹೋಗಿ ಜಾರಿ ಬಿದ್ದ.

"ಪೆಟ್ಟಾಯ್ತೇ?" ಎಂದು ಗುರುಗಳು ಮೇಲಿನಿಂದ ಕೇಳಿದರು.

"ಇಲ್ಲ ಗುರುಗಳೇ. ಓದೋದು ತಪ್ಪಿತು."

ವಿಜಯದಶಮಿಯ ಹಿಂದಿನ ದಿನ ಮಧ್ಯಾಹ್ನ ಗುರುಗಳಿಗೆ ಕಡಲೆಕಾಯಿ ತಿನ್ನುವ ಮನಸ್ಸಾಯಿತು. ಹೊಳೆಯ ದಾರಿಯಲ್ಲಿ ಕೆಂಚಮ್ಮ ಬಿಸಿಬಿಸಿ ಹುರಿದು ಮಾರುತ್ತಾಳೆ. ಪದ್ಮನಾಭ ಹೋಗಿ ಎರಡು ಪೊಟ್ಟಣ ತಂದ. ಒಂದನ್ನು ಅರಳಿಕಟ್ಟೆಯ ಮೇಲಿದ್ದ ಗುರುಗಳ ಕೈಗಿತ್ತು, ಇನ್ನೊಂದನ್ನು ಹಿಡಿದು ಸ್ನಾನಘಟ್ಟದಲ್ಲಿ ಕೂತ.

ಕಾಯಿ ಮುಗಿಯಿತು. ತಳದಲ್ಲಿ ಒಂದು ಬೀಜ ಉಳಿದಿರಬಹುದೆಂದು ಪೊಟ್ಟಣ ಬಿಚ್ಚಿದ. ಬೀಜ ಇರಲಿಲ್ಲ. ಅದು ಯಾವುದೋ ಹಳೆಯ ವಾರಪತ್ರಿಕೆಯ ಹಾಳೆ, ಅಡ್ಡಕ್ಕೆ ಹರಿದ ಕೆಳಗಿನ ಅರ್ಧ. ಅವನು ಕಣ್ಣು ಮುಚ್ಚುವ ಮೊದಲೇ ಕಣ್ಣು ಓದಿಬಿಟ್ಟಿತ್ತು.

ಮದುಮಗಳು ಸೊಂಟದುದ್ದ ನೀರಿನಲ್ಲಿ ನಿಂತು ಕುದುರೆಯ ಕಿವಿಯಲ್ಲಿ ಏನೋ ಹೇಳಿದಳು. ದಿಬ್ಬಣದವರೆಲ್ಲ ಉಸಿರು ಬಿಗಿಹಿಡಿದರು. ಕುದುರೆ ಒಮ್ಮೆ ತಲೆಯಾಡಿಸಿತು. ಆಮೇಲೆ ಮದುಮಗನನ್ನು ನೀರಿಗೆ ಕೆಡವಿ, ಮದುಮಗಳನ್ನು ಹತ್ತಿಸಿಕೊಂಡು ಹೊಳೆ ದಾಟಿತು. ಮದುಮಗ ಒಂದು ಕೈಯಲ್ಲಿ ಬಾಸಿಂಗ ಹಿಡಿದು ಇನ್ನೊಂದು ಕೈಯಲ್ಲಿ ಈಜಿದ. ಮುಹೂರ್ತ ಮೀರುತ್ತದೆಂದು ಪುರೋಹಿತರು ದಡದಿಂದಲೇ ಅಕ್ಷತೆ ಎಸೆದರು. ಅರ್ಧ ಅಕ್ಷತೆ ಮೀನುಗಳ ಪಾಲಾಯಿತು.

ಪದ್ಮನಾಭ ನಕ್ಕ. ಬಿಕ್ಕಳಿಕೆ ಬರುವವರೆಗೂ ನಕ್ಕ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಇವನಿಗೇನಾಯಿತೆಂದು ತಿರುಗಿ ನೋಡಿದರು.

ಇನ್ನೊಮ್ಮೆ ಓದಿದ. ಮದುಮಗಳು ನೀರಿಗೆ ಇಳಿದದ್ದು ಯಾಕೆ? ಕುದುರೆ ನಡುಹೊಳೆಯಲ್ಲಿ ನಿಂತಿದ್ದಾದರೂ ಯಾಕೆ? ಮೇಲಿನ ಅರ್ಧ ಬೇಕೇ ಬೇಕು ಎನಿಸಿತು. ಎದ್ದು ಕೆಂಚಮ್ಮನ ಬಳಿಗೆ ಓಡಿದ.

"ಕೆಂಚಮ್ಮ, ಈ ಹಾಳೆಯ ಇನ್ನರ್ಧ ಎಲ್ಲಿ?"

"ಒಂದೇ ಹಾಳೆ ಹರಿದು ಎರಡು ಪೊಟ್ಟಣ ಕಟ್ಕೊಟ್ಟೆ ಕಣಪ್ಪ. ಇನ್ನರ್ಧ ನಿಮ್ಮ ಗುರುಗಳ ಕೈಯಾಗೇ ಐತೆ."

ಪದ್ಮನಾಭನ ಕಾಲು ನಿಂತುಹೋಯಿತು. ಆಗಲೇ ಅವನಿಗೆ ತಾನು ಮಾಡಿದ್ದು ಅರಿವಾದದ್ದು. ಓದಬಾರದ ದಿನ ಓದಿದ್ದ. ಒಮ್ಮೆಯಲ್ಲ, ಎರಡು ಸಲ. ಈಗ ಮೇಲಿನ ಅರ್ಧ ಬೇಕಾದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಗುರುಗಳು ಮೂರನ್ನೂ ಶಾಲೆಗೆ ಕಳಿಸಿಬಿಟ್ಟರೆ? ಹೇಳದಿದ್ದರೆ ಆ ಕಾಗದ ಸಂಜೆಗೆ ಕಸದ ಪಾಲು.

ಕಥೆಯೇ ಗೆದ್ದಿತು. ಅರಳಿಕಟ್ಟೆಗೆ ಹೋಗಿ ಕೈಮುಗಿದು ನಿಂತ. ಗುರುಗಳ ಪಕ್ಕದಲ್ಲಿ ಸಿಪ್ಪೆಯ ರಾಶಿ ಇತ್ತು. ಕಾಗದ ಕಾಣಲಿಲ್ಲ.

"ತಪ್ಪಾಯ್ತು ಗುರುಗಳೇ. ಓದಿಬಿಟ್ಟೆ."

"ಏನನ್ನ?"

"ಕಡಲೆಕಾಯಿ ಕಟ್ಟಿದ್ದ ಕಾಗದಾನ."

"ಹೌದೇ. ಹೇಗಿತ್ತು ಕಾಗದ?"

"ಅಂದರೆ?"

"ಬಿಸಿಲಲ್ಲಿ ಕಣ್ಣಿಗೆ ಹಿತವಾಗಿತ್ತೋ? ಕೈಗೆ ಹಗುರ ಇತ್ತೋ? ಅಕ್ಷರ ದೊಡ್ಡದೋ, ಚಿಕ್ಕದೋ?"

ಪದ್ಮನಾಭ ಕೈಯಲ್ಲಿದ್ದ ತುಂಡನ್ನು ನೋಡಿದ. ಎಣ್ಣೆ ಕಲೆ, ಮಸಿ ಹರಡಿದ ಅಕ್ಷರ, ನಡುವೆ ಒಂದು ತೂತು.

"ಗಮನಿಸಲಿಲ್ಲ," ಎಂದ.

ಅವನಿಗೆ ಇನ್ನು ತಡೆಯಲಾಗಲಿಲ್ಲ.

"ಮದುಮಗಳು ನಡುಹೊಳೆಯಲ್ಲಿ ನಿಂತಿದ್ದಾಳೆ ಗುರುಗಳೇ. ಯಾಕೆ ಅಂತಲೇ ಗೊತ್ತಿಲ್ಲ. ಮೇಲಿನ ಅರ್ಧ ನಿಮ್ಮ ಪೊಟ್ಟಣದಲ್ಲಿದೆ. ಬಿಸಾಡಿಲ್ಲ ತಾನೇ? ನಾಳೆ ಪೀಠ ಇಳಿಸಿದ ಮೇಲೆ ಓದ್ತೀನಿ, ಅಲ್ಲಿವರೆಗೆ ಮುಟ್ಟೋದಿಲ್ಲ. ಎತ್ತಿಡಿ, ಅಷ್ಟು ಸಾಕು."

"ಅದಿರಲಿ. ನಾಳೆ ಗೂಡಿನಲ್ಲಿ ಏನನ್ನ ಇಟ್ಟುಕೊಳ್ತೀಯ? ಫೋನೋ, ಹಲಗೆಯೋ, ಪುಸ್ತಕವೋ?"

"ಯಾವುದಾದರೂ ಕೊಡಿ. ನಿಮ್ಮ ಕೈಗೆ ಮೊದಲು ಸಿಕ್ಕಿದ್ದು ಕೊಡಿ. ಆ ಕಾಗದ ಒಂದು ಎಲ್ಲಿದೆ ಹೇಳಿ."

ಗುರುಗಳು ಕೂತಿದ್ದ ಚಾಪೆಯ ಅಂಚನ್ನು ಎತ್ತಿದರು. ಅದರ ಕೆಳಗೆ ಕಾಗದ ಇತ್ತು. ಮುದುರು ಬಿಡಿಸಿ, ಉಪ್ಪು ಒರೆಸಿ, ಮಡಿಕೆಗಳನ್ನೆಲ್ಲ ಅಂಗೈಯಿಂದ ನೀವಿ ನೀವಿ ಸರಿಮಾಡಿದ್ದ ಕಾಗದ.

ಪದ್ಮನಾಭ ಕಾಗದವನ್ನು ನೋಡಿದ. ಗುರುಗಳನ್ನು ನೋಡಿದ. ಅವರ ಕಿವಿ ಕೆಂಪಾಗಿತ್ತು.

ಅವನು ತನ್ನ ಕೈಯಲ್ಲಿದ್ದ ಅರ್ಧವನ್ನು ಮುಂದೆ ಚಾಚಿದ. ಗುರುಗಳು ಎರಡೂ ಕೈ ಅಡ್ಡ ಹಿಡಿದು ಮುಖ ತಿರುಗಿಸಿಕೊಂಡರು.

"ಬೇಡ, ಬೇಡ. ಮತ್ತೆ ಓದಬಾರದು. ಬಾಯಲ್ಲಿ ಹೇಳೋದಕ್ಕೆ ಅಡ್ಡಿಯಿಲ್ಲ."

ಆಮೇಲೆ ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಬೇಗ ಹೇಳಪ್ಪ," ಎಂದರು. "ಆ ಕುದುರೆ ದಡ ಸೇರಿತೋ ಇಲ್ಲವೋ?"