ಬೋರಕ್ಕನ ಗುಡ್ಡಕ್ಕೆ ಆ ಹೆಸರು ಬಂದದ್ದು

ಮುತ್ತುಗದಹಳ್ಳಿಯ ಬಡಗಣ ದಿಕ್ಕಿಗೆ, ಹಳ್ಳ ದಾಟಿದ ಕೂಡಲೇ ಏರುವ ಗುಡ್ಡವನ್ನು ಬೋರಕ್ಕನ ಗುಡ್ಡ ಎನ್ನುತ್ತಾರೆ. ಸುತ್ತಲಿನ ಗುಡ್ಡಗಳೆಲ್ಲ ಬರಿಯ ಬಂಡೆಗಳನ್ನು ಹೊತ್ತು ನಿಂತಿದ್ದರೂ ಇದೊಂದು ಮಾತ್ರ ಹೊಂಗೆ, ಬೇವು, ಹುಣಸೆ, ನೇರಳೆಗಳಿಂದ ತುಂಬಿ ನಡು ಬೇಸಿಗೆಯಲ್ಲೂ ಹಸಿರಾಗಿರುತ್ತದೆ. ಈಗ ಊರಿನ ಅರಣ್ಯ ಸಮಿತಿಯವರು ಗುಡ್ಡದ ಬುಡದಲ್ಲಿ ಜೇನುಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಪರವೂರುಗಳ ಹೆಣ್ಣುಮಕ್ಕಳು ಜೇನುಸಾಕಣೆ ಕಲಿಯಲು ಬಂದು, ಕಾಲುದಾರಿಯ ಮೊದಲಲ್ಲಿರುವ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಫಲಕದಲ್ಲಿ ದಪ್ಪಕ್ಷರಗಳಲ್ಲಿ ಬೋರಕ್ಕನ ಹೆಸರಿದೆ. ಅದನ್ನು ಕಂಡಾಗಲೆಲ್ಲ ನನಗೆ ಒಳಗೊಳಗೇ ಚುರುಕ್ಕೆನ್ನುತ್ತದೆ, ಏಕೆಂದರೆ ನಾನು ಜುಂಜಮ್ಮನ ಮನೆತನದವನು. ಯಾರು ಈ ಇಬ್ಬರು ಎಂದು ಕೇಳಿದವರಿಗೆ ನನ್ನ ಅಜ್ಜಿ ಹೇಳಿದ್ದನ್ನೇ ಹೇಳುತ್ತೇನೆ. ಬೋರಕ್ಕನ ಕಡೆಯವರು ಬೇರೆ ರೀತಿ ಹೇಳಿದರೆ ಅದು ಅವರ ಪಾಡು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಸುಣ್ಣದ ಗೂಡುಗಳಿಗೆ ಸೌದೆ ಕಡಿದು ಕಡಿದು ಈ ಗುಡ್ಡವೂ ಬೋಳಾಗಿತ್ತಂತೆ. ಹಳ್ಳ ಬತ್ತಿತು, ಹೂವಿಲ್ಲದೆ ಜೇನೂ ದೂರವಾಯಿತು. ಆಗಿನ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು. ಜೇನು ಕೊಯ್ಯುವವರು ಜೇನುಹುಟ್ಟಿನಲ್ಲಿ ಅರ್ಧವನ್ನು ಹುಳಗಳಿಗೇ ಬಿಡಬೇಕು. ಒಂದು ಗಡಿಗೆ ಜೇನು ಇಳಿಸಿದ ಮನೆಯವರು ಗುಡ್ಡದಲ್ಲಿ ಒಂದು ಗಿಡ ನೆಟ್ಟು ಮೂರು ಬೇಸಿಗೆ ನೀರೆರೆಯಬೇಕು. ಆ ಕಾಲಕ್ಕೆ ಪೆಟ್ಟಿಗೆಗಳಿರಲಿಲ್ಲ. ಮಣ್ಣಿನ ಗಡಿಗೆಯ ಒಳಗೆ ಮೇಣ ಸವರಿ, ಬಾಯಿ ಮುಚ್ಚಿ, ಸಣ್ಣದೊಂದು ತೂತು ಬಿಟ್ಟು ಹಿತ್ತಲಿನಲ್ಲಿ ಇಡುತ್ತಿದ್ದರು. ನೆಲೆ ಹುಡುಕುತ್ತ ಬಂದ ತುಡುವೆ ಜೇನಿನ ಹಿಂಡು ಮನಸ್ಸಾದರೆ ಅದರೊಳಗೆ ಸೇರುತ್ತಿತ್ತು. ಹಾಗೆ ವರ್ಷವರ್ಷವೂ ಗುಡ್ಡದಲ್ಲಿ ಗಿಡಗಳಾದವು, ಗಿಡಗಳಿಗೆ ನೆಟ್ಟವರ ಹೆಸರಾಯಿತು.

ಬೋರಕ್ಕ, ಜುಂಜಮ್ಮ ವಾರಗಿತ್ತಿಯರು. ಅವರ ಮನೆಗಳೂ ಹಿತ್ತಲುಗಳೂ ಅಕ್ಕಪಕ್ಕ. ಹಿರಿಯಳಾದ ಬೋರಕ್ಕನದು ಅಚ್ಚುಕಟ್ಟೆಂದರೆ ಅಚ್ಚುಕಟ್ಟು. ಅವಳ ಅಂಗಳದಲ್ಲಿ ಒಂದು ಕಡ್ಡಿ ಬೀಳುವಂತಿರಲಿಲ್ಲ. ಜೇನುಗಡಿಗೆಗಳನ್ನೂ ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಪ್ರತಿ ವರ್ಷ ಹೊಸ ಮೇಣವನ್ನು ತೆಳ್ಳಗೆ ಸವರಿ ಇಡುತ್ತಿದ್ದಳು. ಜುಂಜಮ್ಮ, ನಮ್ಮವಳೆಂದು ಮುಚ್ಚಿಡಲಾರೆ, ಬಲು ಉದಾಸೀನದ ಹೆಂಗಸು. ಅವಳು ಗಡಿಗೆಗೆ ನೀರು ತೋರಿಸಿದವಳೇ ಅಲ್ಲ. ಆದರೂ ಅವಳ ಏಳು ಗಡಿಗೆಗಳೂ ತುಂಬುತ್ತಿದ್ದವು; ಬೋರಕ್ಕನ ಗಡಿಗೆಗಳಿಗೆ ಒಂದು ಹುಳವೂ ಇಣುಕುತ್ತಿರಲಿಲ್ಲ. ಜೇನಿಲ್ಲದವಳಿಗೆ ಗುಡ್ಡದಲ್ಲಿ ಗಿಡ ನೆಡುವ ಭಾಗ್ಯವೂ ಇಲ್ಲ. ಒಂಬತ್ತು ವರ್ಷ ಬೋರಕ್ಕ ಕಾದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಹಿಂಡು. ಪಕ್ಕದ ಹಿತ್ತಲಿನ ಗುಂಯ್‌ಗುಡುವಿಕೆ ಕಿವಿಗೆ ಬಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ ಎನ್ನುತ್ತಾರೆ.

ಹತ್ತನೆಯ ವರ್ಷ, ಜುಂಜಮ್ಮ ಮೊದಲು ನೆಟ್ಟ ನೇರಳೆ ಮೈತುಂಬ ಹೂ ಬಿಟ್ಟಿತು. ಊರಿನ ಬಾಯಲ್ಲೆಲ್ಲ ಆ ಮರದ್ದೇ ಮಾತು. ಬೋರಕ್ಕನಿಗೆ ತಡೆಯಲಾಗಲಿಲ್ಲ. ಜನ ಹೊಲಕ್ಕೆ ಹೋದ ಹೊತ್ತು ನೋಡಿ ಕುಡುಗೋಲು ಹಿಡಿದು ಗುಡ್ಡ ಹತ್ತಿದಳು. ಮರವನ್ನು ಉರುಳಿಸಿದರೆ ಸದ್ದಾಗುತ್ತದೆ. ಬುಡದ ಸುತ್ತ ತೊಗಟೆ ಸುಲಿದರೆ ಅದು ನಿಂತಲ್ಲೇ ಒಣಗುತ್ತದೆ, ಯಾರ ಕೈಯೆಂದು ಯಾರಿಗೂ ತಿಳಿಯುವುದಿಲ್ಲ. ಸುಲಿಯುತ್ತ ಸುಲಿಯುತ್ತ ಇನ್ನೊಂದು ಗೇಣು ಉಳಿದಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ, ಪೊದೆಯಾಚೆಯ ದಾರಿಯಲ್ಲಿ, ಜುಂಜಮ್ಮನ ದನಿ ಕೇಳಿಸಿತು.

“ಅಕ್ಕಾ, ನಿನ್ನ ಎಲ್ಲೆಲ್ಲಿ ಹುಡುಕನೇ! ತಗಾ, ನನ್ನ ಹಳೇ ಗಡಿಗೆ ತಂದಿವ್ನಿ. ಇದನ್ನ ಮಾತ್ರ ತೊಳೀಬ್ಯಾಡ ಕಣೆ. ಹಳೇ ಮೇಣದ ವಾಸ್ನೆಗೇ ಹುಳ ಬರಾದು.”

ಪೊದೆ ದಾಟಿ ಬಂದವಳು ಮರವನ್ನು ಕಂಡಳು, ಕುಡುಗೋಲನ್ನು ಕಂಡಳು. ಬೈಯಲಿಲ್ಲ. ಬೈದಿದ್ದರೆ ಬೋರಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. “ನಿನ್ನ ಗಡಿಗೆಗೆ ಬರೋ ಹುಳಾನೂ ಇಲ್ಲೇ ಮೇಯಬೇಕಲ್ಲಕ್ಕಾ,” ಎಂದಷ್ಟೇ ಹೇಳಿ, ಗಡಿಗೆಯನ್ನು ಅಲ್ಲೇ ಇಟ್ಟು ಇಳಿದು ಹೋದಳು.

ಬೋರಕ್ಕ ಗಡಿಗೆಯ ಮುಂದೆ ಕುಕ್ಕರಿಸಿದಳು. ಒಳಗೆ ಬೆರಳು ದಪ್ಪ ಮೇಣ. ಹತ್ತು ವರ್ಷ ಅವಳು ಕಾದ ಹಿಂಡು ಆ ವಾಸನೆಗೆ ಖಂಡಿತ ಬರುತ್ತಿತ್ತು. ಮನೆಗೆ ಒಯ್ದು ಇಟ್ಟರೆ ಸಾಕು. ಆದರೆ ಸುಲಿದ ಮರದಿಂದ ರಸ ಜಿನುಗುತ್ತಿತ್ತು, ಅದಕ್ಕೂ ಏನಾದರೂ ಮೆತ್ತಬೇಕಾಗಿತ್ತು. ಅವಳು ಅತ್ತಳು, ತನ್ನನ್ನೇ ಶಪಿಸಿಕೊಂಡಳು, ಜುಂಜಮ್ಮನನ್ನೂ ಒಂದಿಷ್ಟು ಬೈದಳು. ಕೊನೆಗೆ ಕುಡುಗೋಲಿನ ತುದಿಯಿಂದ ಮೇಣವನ್ನು ಕೆರೆದು, ಕೆಮ್ಮಣ್ಣು, ಸಗಣಿಯೊಡನೆ ನಾದಿ, ಗಾಯದ ಮೇಲೆ ಮೆತ್ತಿ, ತನ್ನ ಸೀರೆಯ ಸೆರಗು ಹರಿದು ಸುತ್ತಿದಳು.

ಮರದ ಒಂದು ಮಗ್ಗುಲು ಒಣಗಿತು. ಗೇಣು ತೊಗಟೆ ಉಳಿದ ಕಡೆ ಮಾತ್ರ ಮಾರನೆಯ ವರ್ಷವೂ ಚಿಗುರು ಬಂತು. ಬೋರಕ್ಕ ಅಂದಿನಿಂದ ದಿನವೂ ಗುಡ್ಡಕ್ಕೆ ನೀರು ಹೊತ್ತಳು. ಸೌದೆಗೆಂದು ಹಸಿಮರಕ್ಕೆ ಕೈ ಹಚ್ಚಿದವರನ್ನು ಅದೇ ಕುಡುಗೋಲು ತೋರಿಸಿ ಓಡಿಸಿದಳು. ಅವಳ ಬಾಯಿಗೆ ಹೆದರಿ ಸುಣ್ಣದವರೂ ಇತ್ತ ಬರುವುದನ್ನು ಬಿಟ್ಟರು. ಗುಡ್ಡ ದಟ್ಟವಾಯಿತು, ಮನೆಮನೆಯ ಗಡಿಗೆಗೂ ಜೇನು ಬಂತು. ಬೋರಕ್ಕನಿಗೆ ಗಡಿಗೆ ತಿಕ್ಕಲು ಪುರಸೊತ್ತೇ ಇಲ್ಲದಂತಾಗಿ, ಅಲ್ಲಿಂದ ಆರನೆಯ ವರ್ಷ ಅವಳ ಹಿತ್ತಲಿನಲ್ಲೂ ಒಂದು ಹಿಂಡು ಕೂತಿತು. ಮೊದಲು ಕೊಯ್ದ ಹುಟ್ಟನ್ನು ಮುತ್ತುಗದ ಎಲೆಯಲ್ಲಿಟ್ಟುಕೊಂಡು ಅವಳು ವಾರಗಿತ್ತಿಯ ಮನೆಗೆ ಹೋದಳು.

ಅಷ್ಟು ಹೊತ್ತಿಗೆ ದನ ಮೇಯಿಸುವವರು, ದಾರಿಹೋಕರು ಎಲ್ಲರೂ ಇದನ್ನು ಬೋರಕ್ಕನ ಗುಡ್ಡ ಎಂದು ಕರೆಯತೊಡಗಿದ್ದರು. ಜುಂಜಮ್ಮ ಜೇನನ್ನು ಬಾಯಿಗಿಟ್ಟು ಚಪ್ಪರಿಸಿದಳು. ಆಮೇಲೆ ಎಲೆಯನ್ನು ಬದಿಗೆ ಸರಿಸಿದಳು.

“ನೆಟ್ಟೋಳು ನಾನು, ನೀರೆರೆದೋಳು ನಾನು. ಕುಯ್ದೋಳ ಹೆಸರು ಬಂತಲ್ಲೇ ಅಕ್ಕಾ ಗುಡ್ಡಕ್ಕೆ!”

“ಉರೀತೈತೇನೆ ಹೊಟ್ಟೆ?”

“ಉರೀತೈತೆ.”

“ಹತ್ತು ವರ್ಷ ಉರ್ಕಂಡಿವ್ನಿ, ಅದು ಹೆಂಗಿರ್ತೈತೆ ಅಂತ ನಂಗೊತ್ತು,” ಎಂದು ಬೋರಕ್ಕ ಅವಳ ಪಕ್ಕದಲ್ಲೇ ಕೂತಳು. ಇಬ್ಬರೂ ಸೇರಿ ಜೇನು ಮುಗಿಸಿದರಂತೆ. ಹೆಸರು ಮಾತ್ರ ಬದಲಾಗಲಿಲ್ಲ.

ಗುಡ್ಡದ ನಡುವಿನಲ್ಲಿ ಈಗಲೂ ಒಂದು ಮುದಿ ನೇರಳೆಯಿದೆ, ಒಂದು ಮಗ್ಗುಲು ಬರಿಗಟ್ಟಿಗೆ, ಇನ್ನೊಂದು ಮಗ್ಗುಲು ಎಲೆ, ಹೂ, ಕಾಯಿ. ಒಣಗಿದ ಕಡೆಯ ಪೊಟರೆಯಲ್ಲಿ ತುಡುವೆ ಜೇನು ಕಟ್ಟುತ್ತದೆ. ಅದನ್ನು ಯಾರೂ ಕೊಯ್ಯುವುದಿಲ್ಲ. ಹೊಸದಾಗಿ ಜೇನು ಸಾಕುವ ಹೆಂಗಸರು ಮೊದಲ ಮೇಣವನ್ನು ಆ ಬುಡಕ್ಕೆ ಮೆತ್ತಿ “ಬೋರಕ್ಕಾ, ಕಾಪಾಡು” ಎಂದು ಕೈಮುಗಿಯುತ್ತಾರೆ. ನಮ್ಮ ಮನೆಯ ಹೆಂಗಸರೂ ಮೆತ್ತುತ್ತಾರೆ. ಆದರೆ ಅವರು ಕೂಗುವುದು ಜುಂಜಮ್ಮನ ಹೆಸರನ್ನು, ಅದೂ ಗುಡ್ಡದ ಬುಡದವರೆಗೆ ಕೇಳಿಸುವಷ್ಟು ಜೋರಾಗಿ.